ಒಬ್ಬನ ಬದಲು ಮೂವರು ಬಂದರೆ ಲಾಭವೇ? ಡೈನಾಸ್ಟಿ ಲೀಗಿನ ಟ್ರೇಡ್ ಲೆಕ್ಕ

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿದ್ದೇನೆ. ಆಫೀಸಿನವರ ಜೊತೆ 12 ತಂಡಗಳ ಡೈನಾಸ್ಟಿ ಫ್ಯಾಂಟಸಿ ಫುಟ್‌ಬಾಲ್ ಲೀಗ್ ಆಡುತ್ತೇನೆ. ಸೂಪರ್‌ಫ್ಲೆಕ್ಸ್ (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳನ್ನು ಇಬ್ಬರನ್ನು ಆಡಿಸಬಹುದು), ಪಿಪಿಆರ್ (ಪ್ರತಿ ಕ್ಯಾಚ್‌ಗೂ ಅಂಕ). ಯಾರೋ ಬಿಟ್ಟುಹೋದ ತಂಡವನ್ನು ಕಳೆದ ವರ್ಷ ವಹಿಸಿಕೊಂಡೆ. ಈಗ ಆರು ವಾರ ಮುಗಿದಿವೆ. ಮೂರು ಗೆದ್ದಿದ್ದೇನೆ, ಮೂರು ಸೋತಿದ್ದೇನೆ. ಒಟ್ಟು ಅಂಕದಲ್ಲಿ 9ನೇ ಸ್ಥಾನ. ನನ್ನ ಬಳಿ 25 ವರ್ಷದ ಸ್ಟಾರ್ ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವವ) ಇದ್ದಾನೆ. ಅವನನ್ನು ಕೊಟ್ಟರೆ ಮೂವರು ಒಳ್ಳೆಯ ಆಟಗಾರರನ್ನು ಕೊಡುತ್ತೇನೆ ಅಂತ ಒಬ್ಬರು ಬೆನ್ನು ಬಿದ್ದಿದ್ದಾರೆ. ಆಟಗಾರರ ಬೆಲೆ ಹೋಲಿಸುವ ಟ್ರೇಡ್ ಕ್ಯಾಲ್ಕ್ಯುಲೇಟರ್ ಪ್ರಕಾರ ನನಗೇ ಲಾಭ. ಒಪ್ಪಲೇ? 27 ವರ್ಷದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) ಒಬ್ಬ ಈ ವರ್ಷ ಭರ್ಜರಿಯಾಗಿ ಆಡುತ್ತಿದ್ದಾನೆ. ಅವನನ್ನು ಇಟ್ಟುಕೊಳ್ಳಲೇ, ಮಾರಲೇ? ಎರಡನೇ ವರ್ಷದ ಇನ್ನೊಬ್ಬ ರಿಸೀವರ್ ಏನೂ ಆಡುತ್ತಿಲ್ಲ. ಸಿಕ್ಕಿದ ಬೆಲೆಗೆ ಕೊಟ್ಟುಬಿಡಲೇ?

ಉತ್ತರ: ಮೂವರನ್ನು ತಗೋಬೇಡಿ. ರನ್ನಿಂಗ್ ಬ್ಯಾಕ್‌ನನ್ನು ಮಾರಿ, ಅದೂ ಈ ತಿಂಗಳಲ್ಲೇ. ಆ ಹುಡುಗನನ್ನು ಸದ್ಯಕ್ಕೆ ಇಟ್ಟುಕೊಳ್ಳಿ. ನಿಮಗೆ ಅವಸರ ಇದ್ದರೆ ಇಷ್ಟು ಸಾಕು. ಯಾಕೆ ಅಂತ ತಿಳಿಯಬೇಕಿದ್ದರೆ ಮುಂದೆ ಓದಿ.

ಆಟಗಾರರ ಹೆಸರುಗಳನ್ನೂ ನೀವು ಬರೆದಿದ್ದಿರಿ. ನಾನೇ ತೆಗೆದಿದ್ದೇನೆ. ಲೀಗಿನಲ್ಲಿ ಇನ್ನಿಬ್ಬರು ಕನ್ನಡದವರಿದ್ದಾರೆ ಅಂತ ನೀವೇ ಹೇಳಿದ್ದೀರಲ್ಲ. ನೀವು ಯಾರನ್ನು ಮಾರಲು ಹೊರಟಿದ್ದೀರಿ ಅಂತ ಅವರಿಗೆ ಗೊತ್ತಾದರೆ ಬೆಲೆ ಅಲ್ಲೇ ಅರ್ಧ ಆಯಿತು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಆಟಗಾರರನ್ನು ಆರಿಸಿ ನಮ್ಮದೊಂದು ತಂಡ ಕಟ್ಟುತ್ತೇವೆ. ನಿಜವಾದ ಪಂದ್ಯದಲ್ಲಿ ಅವರು ಆಡಿದಂತೆ ನಮಗೆ ಅಂಕ. ಮಾಮೂಲಿ ಫ್ಯಾಂಟಸಿ ಲೀಗಿನಲ್ಲಿ ವರ್ಷ ಮುಗಿದರೆ ತಂಡವೂ ಮುಗಿಯಿತು. ಡೈನಾಸ್ಟಿಯಲ್ಲಿ ಹಾಗಲ್ಲ. ಆಟಗಾರರು ವರ್ಷದಿಂದ ವರ್ಷಕ್ಕೆ ನಿಮ್ಮ ಹತ್ತಿರವೇ ಇರುತ್ತಾರೆ. ಏಪ್ರಿಲ್ ಕೊನೆಯಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್ (ತಂಡಗಳು ಕಾಲೇಜಿನ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದು) ಆದ ಮೇಲೆ ಲೀಗಿನವರು ಹೊಸ ಹುಡುಗರಿಗಾಗಿ ತಮ್ಮದೇ ರೂಕಿ ಡ್ರಾಫ್ಟ್ ಮಾಡುತ್ತಾರೆ. ಅದರಲ್ಲಿ ಆರಿಸುವ ಹಕ್ಕೇ ಪಿಕ್. ಹಿಂದೆ ಬಿದ್ದ ತಂಡಕ್ಕೆ ಮೊದಲ ಸರದಿ. ಮೊದಲ ಸುತ್ತಿನ ಪಿಕ್‌ಗೆ ಎಲ್ಲರೂ ಫಸ್ಟ್ ಅಂತಾರೆ. ಮುಂದಿನ ವರ್ಷಗಳ ಫಸ್ಟ್‌ಗಳನ್ನೂ ಇವತ್ತೇ ಮಾರಬಹುದು, ಕೊಳ್ಳಬಹುದು. ಹಾಗಾಗಿ ಇಲ್ಲಿ ಪ್ರತಿ ಆಟಗಾರನಿಗೂ ಎರಡು ಲೆಕ್ಕ ಇರುತ್ತದೆ. ಈ ಭಾನುವಾರ ಎಷ್ಟು ಅಂಕ ತರುತ್ತಾನೆ ಅನ್ನುವುದು ಒಂದು. ಇವತ್ತು ಮಾರಿದರೆ ಎಷ್ಟು ಸಿಗುತ್ತದೆ ಅನ್ನುವುದು ಇನ್ನೊಂದು. ಈ ಎರಡೂ ಸಾಮಾನ್ಯವಾಗಿ ಒಟ್ಟಿಗೆ ಹೋಗುವುದಿಲ್ಲ. ಟ್ರೇಡ್ ಮಾಡುವವರ ಕಸುಬೆಲ್ಲ ಈ ಅಂತರದಲ್ಲೇ ಇದೆ.

ಮೊದಲು ಆ ಮೂವರ ವಿಷಯ. ಒಂದು ನಿಜವಾದ ಉದಾಹರಣೆಯಿಂದ ಲೆಕ್ಕ ಹಾಕೋಣ. 2024ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್‌ನ ರಿಸೀವರ್ ಜಮಾರ್ ಚೇಸ್ 127 ಕ್ಯಾಚ್ ಹಿಡಿದರು. 1,708 ಯಾರ್ಡ್, 17 ಟಚ್‌ಡೌನ್. ಪಿಪಿಆರ್‌ನಲ್ಲಿ ಕ್ಯಾಚ್‌ಗೆ ಒಂದು ಅಂಕ, ಹತ್ತು ಯಾರ್ಡ್‌ಗೆ ಒಂದು, ಟಚ್‌ಡೌನ್‌ಗೆ ಆರು. ಎಲ್ಲ ಕೂಡಿದರೆ ಸುಮಾರು 400. 17 ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೆ 23ರ ಮೇಲೆ. ಅಂಥವನನ್ನು ಕೊಟ್ಟು ವಾರಕ್ಕೆ 13 ಅಂಕ ತರುವ ಮೂವರನ್ನು ತಂದಿರಿ ಅಂದುಕೊಳ್ಳಿ. ಮೂರು ಹದಿಮೂರಲೆ 39. ಕೊಟ್ಟಿದ್ದು 23, ಬಂದಿದ್ದು 39. ಲಾಭ ಅಲ್ವಾ?

ಅಲ್ಲ. ಬಂದ ಮೂವರಲ್ಲಿ ಒಬ್ಬ ಚೇಸ್ ಜಾಗಕ್ಕೆ ಹೋಗುತ್ತಾನೆ. ಉಳಿದಿಬ್ಬರು ಆಡಬೇಕಾದರೆ ಈಗ ಆಡುತ್ತಿರುವ ಇಬ್ಬರು ಬೆಂಚಿಗೆ ಹೋಗಬೇಕು. ಆ ಇಬ್ಬರು ವಾರಕ್ಕೆ 11 ಅಂಕದವರಾದರೆ ಮೊದಲು ಆ ಮೂರು ಜಾಗದಿಂದ ನಿಮಗೆ 45 ಬರುತ್ತಿತ್ತು. ಈಗ 39. ವಾರಕ್ಕೆ ಆರು ಅಂಕ ಕೈಬಿಟ್ಟಂತೆ. ಸಾಲದ್ದಕ್ಕೆ ರೋಸ್ಟರ್‌ನಲ್ಲಿ ಜಾಗ ಮಾಡಲು ಇಬ್ಬರನ್ನು ಸುಮ್ನೆ ಹೊರಗೆ ಹಾಕಬೇಕು. ಎದುರಿನವರಿಗೆ ಅದೇ ಎರಡು ಜಾಗ ಖಾಲಿ. ವೇವರ್‌ನಿಂದ (ಯಾರ ತಂಡದಲ್ಲೂ ಇಲ್ಲದವರ ಪಟ್ಟಿಯಿಂದ) ಇಬ್ಬರು ಹೊಸಬರನ್ನು ಎತ್ತಿಕೊಳ್ಳುತ್ತಾರೆ.

ಇದಕ್ಕೆ ಒಂದು ಅಪವಾದ ಇದೆ. ನಿಮ್ಮ ಉಳಿದ ಜಾಗಗಳು ತೀರಾ ಬರಡಾಗಿದ್ದರೆ, ಅಂದರೆ ವಾರಕ್ಕೆ ಐದು ಅಂಕ ತರುವವರನ್ನು ಆಡಿಸುವ ಗತಿ ಬಂದಿದ್ದರೆ, ಮೊದಲಿನ ಮೊತ್ತ 33, ಈಗಿನದು 39. ಅಲ್ಲಿ ಮೂವರು ಬಂದರೆ ಒಳ್ಳೆಯದೇ. ನೀವು ಕಳಿಸಿದ ತಂಡ ನೋಡಿದರೆ ಹಾಗಿಲ್ಲ. ನಿಮ್ಮಲ್ಲಿ ಸಾಧಾರಣ ಆಟಗಾರರು ಬೇಕಾದಷ್ಟಿದ್ದಾರೆ. ಇಲ್ಲದಿರುವುದು ಭಾರಿ ಆಟಗಾರರು. ಇರುವ ಒಬ್ಬನನ್ನೂ ಒಡೆದು ಚಿಲ್ಲರೆ ಮಾಡಿಕೊಳ್ಳುವುದು ಯಾಕೆ?

ಕ್ಯಾಲ್ಕ್ಯುಲೇಟರ್ ಸುಳ್ಳು ಹೇಳುತ್ತದೆ ಅಂತಲ್ಲ. ಕೀಪ್‌ಟ್ರೇಡ್‌ಕಟ್‌ನಂಥ ವೆಬ್‌ಸೈಟ್ ಜನರ ಮುಂದೆ ಮೂರು ಹೆಸರು ಇಟ್ಟು ಯಾರನ್ನು ಇಟ್ಟುಕೊಳ್ಳುತ್ತೀರಿ, ಯಾರನ್ನು ಮಾರುತ್ತೀರಿ, ಯಾರನ್ನು ಬಿಡುತ್ತೀರಿ ಅಂತ ಕೇಳುತ್ತದೆ. ಆ ಉತ್ತರಗಳಿಂದ ಬೆಲೆ ಕಟ್ಟುತ್ತದೆ. ಅಂದರೆ ಅದು ಊರಿನ ಅಭಿಪ್ರಾಯ. ಮಾರುಕಟ್ಟೆ ಹೇಗಿದೆ ಅಂತ ತಿಳಿಯಲು ಬಹಳ ಒಳ್ಳೆಯದು. ನಿಮ್ಮ ತಂಡಕ್ಕೆ ಏನು ಬೇಕು ಅಂತ ಮಾತ್ರ ಅದಕ್ಕೆ ಗೊತ್ತಿಲ್ಲ. ಇಂಥ ಲೆಕ್ಕಪಟ್ಟಿ ಎನ್‌ಎಫ್‌ಎಲ್‌ನಲ್ಲೇ ಮೂವತ್ತು ವರ್ಷಕ್ಕೂ ಹಳೆಯದು. ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಒಂದು ಪಟ್ಟಿ 1990ರ ದಶಕದ ಆರಂಭದಲ್ಲಿ ಬಂತು. ಪ್ರತಿ ಡ್ರಾಫ್ಟ್ ಪಿಕ್‌ಗೂ ಅದರಲ್ಲಿ ಒಂದು ಬೆಲೆ. ಮೊದಲ ಪಿಕ್‌ಗೆ 3,000 ಪಾಯಿಂಟ್, 32ನೇ ಪಿಕ್‌ಗೆ 590. ಐದು 32ನೇ ಪಿಕ್ ಕೂಡಿಸಿದರೂ 2,950, ಮೊದಲ ಪಿಕ್ ಸಿಗಲ್ಲ. ದೊಡ್ಡದನ್ನು ಒಡೆಯುವವನು ಹೆಚ್ಚುವರಿ ಬೆಲೆ ಕೇಳಬೇಕು ಅನ್ನುವುದು ಆಗಲೇ ಗೊತ್ತಿತ್ತು.

ಹಾಗಾದರೆ ನಿಮ್ಮ ಸ್ಟಾರ್‌ನನ್ನು ಯಾವತ್ತೂ ಮಾರಬಾರದೇ? ಮಾರಬಹುದು, ಅಷ್ಟೇ ಅಪರೂಪದ್ದು ಸಿಕ್ಕರೆ. ಸೂಪರ್‌ಫ್ಲೆಕ್ಸ್‌ನಲ್ಲಿ ಅಪರೂಪದ್ದು ಅಂದರೆ ಕ್ವಾರ್ಟರ್‌ಬ್ಯಾಕ್. ಎನ್‌ಎಫ್‌ಎಲ್‌ನಲ್ಲಿ 32 ತಂಡ, ಹಾಗಾಗಿ ಆಡುವ ಕ್ವಾರ್ಟರ್‌ಬ್ಯಾಕ್‌ಗಳು 32. ನಿಮ್ಮ ಲೀಗಿನ 12 ತಂಡಗಳು ವಾರಕ್ಕೆ ಇಬ್ಬಿಬ್ಬರನ್ನು ಆಡಿಸಿದರೆ 24 ಹೋಯಿತು. ಗಾಯ, ಬೈ ವೀಕ್‌ಗೆ (ತಂಡಕ್ಕೆ ಪಂದ್ಯವಿಲ್ಲದ ವಾರ) ಅಂತ ಎಲ್ಲರೂ ಮೂರನೆಯವನನ್ನು ಇಟ್ಟುಕೊಳ್ಳಲು ಹೊರಟರೆ 36 ಬೇಕು. ಇರುವುದೇ 32. ರಿಸೀವರ್‌ಗಳಿಗೆ ಇಂಥ ಬರ ಇಲ್ಲ. ಆದ್ದರಿಂದ ಆ ಮನುಷ್ಯ ನಿಜವಾಗಿ ನಿಮ್ಮ ರಿಸೀವರ್ ಬೇಕು ಅಂತಿದ್ದರೆ ಹೀಗೆ ಹೇಳಿ: "ಮೂವರು ಬೇಡ. ನಿಮ್ಮ ಎಳೆಯ ಕ್ವಾರ್ಟರ್‌ಬ್ಯಾಕ್, ಜೊತೆಗೆ ಒಂದು ಫಸ್ಟ್. ಆಮೇಲೆ ಮಾತಾಡೋಣ." ಅವರು ಒಪ್ಪುವುದಿಲ್ಲ ಅಂತಲೇ ನನ್ನ ಅಂದಾಜು. ಪರವಾಗಿಲ್ಲ.

ಈಗ ರನ್ನಿಂಗ್ ಬ್ಯಾಕ್. ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ಊರಿನದೇ ಒಂದು ಕಥೆ ಇದೆ.

1989ರ ಅಕ್ಟೋಬರ್. ಕೌಬಾಯ್ಸ್ ಐದಕ್ಕೆ ಐದೂ ಪಂದ್ಯ ಸೋತಿತ್ತು. ತಂಡದಲ್ಲಿ ಬೆಲೆ ಬಾಳುವವರು ಅಂತ ಇದ್ದದ್ದು ಹರ್ಷಲ್ ವಾಕರ್. ಹಿಂದಿನ ವರ್ಷ 1,514 ಯಾರ್ಡ್ ಓಡಿದ್ದರು. ವಯಸ್ಸು 27. ಜಿಮ್ಮಿ ಜಾನ್ಸನ್ ಅವರನ್ನೇ ಮಾರಾಟಕ್ಕಿಟ್ಟರು. ಇನ್ನೊಬ್ಬ ರನ್ನಿಂಗ್ ಬ್ಯಾಕ್ ಬಂದರೆ ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ನಮ್ಮದೇ ಅಂದುಕೊಂಡಿದ್ದ ಮಿನೆಸೋಟ ವೈಕಿಂಗ್ಸ್ ಕೊಂಡುಕೊಂಡಿತು. ಡಲ್ಲಾಸ್‌ಗೆ ಐದು ಜನ ಆಟಗಾರರು ಬಂದರು, ಪಿಕ್‌ಗಳೂ ಬಂದವು. ಒಪ್ಪಂದದ ಗುಟ್ಟು ಏನೆಂದರೆ, ಬಂದ ಆಟಗಾರನನ್ನು ಡಲ್ಲಾಸ್ ಕೈಬಿಟ್ಟರೆ ಅವನ ಬದಲು ವೈಕಿಂಗ್ಸ್‌ನ ಪಿಕ್ ಸಿಗಬೇಕಿತ್ತು. ಆಟಗಾರರನ್ನು ಅವರು ಇಟ್ಟುಕೊಳ್ಳುತ್ತಾರೆ ಅಂತ ವೈಕಿಂಗ್ಸ್‌ನವರ ನಂಬಿಕೆ. ಜಾನ್ಸನ್‌ಗೆ ಬೇಕಾಗಿದ್ದದ್ದೇ ಪಿಕ್‌ಗಳು. ಆ ವರ್ಷ ಕೌಬಾಯ್ಸ್ 16ರಲ್ಲಿ ಒಂದೇ ಪಂದ್ಯ ಗೆದ್ದಿತು. ಜನ ಉಗಿದರು. ಆ ಪಿಕ್‌ಗಳನ್ನು ಹಿಂದೆಮುಂದೆ ಮಾಡಿ 1990ರಲ್ಲಿ ಎಮಿಟ್ ಸ್ಮಿತ್‌ರನ್ನು ತಂದರು. ಅವರು 18,355 ಯಾರ್ಡ್ ಓಡಿ ಎನ್‌ಎಫ್‌ಎಲ್ ದಾಖಲೆ ಮಾಡಿದರು. 1992, 1993, 1995ರ ಸೀಸನ್‌ಗಳ ಸೂಪರ್ ಬೌಲ್ ಡಲ್ಲಾಸ್‌ಗೆ ಹೋಯಿತು. ವಾಕರ್ ಮಿನೆಸೋಟದಲ್ಲಿ ಒಂದು ವರ್ಷವೂ ಸಾವಿರ ಯಾರ್ಡ್ ಓಡಲಿಲ್ಲ.

ಪೂರ್ತಿ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಆಗ ಡಲ್ಲಾಸ್ ಎಲ್ಲಿತ್ತೋ ಈಗ ನೀವು ಹೆಚ್ಚುಕಡಿಮೆ ಅಲ್ಲೇ ಇದ್ದೀರಿ. ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಮೂರು ಗೆಲುವು, ಮೂರು ಸೋಲು ನೋಡಿ "ಪ್ಲೇಆಫ್‌ಗೆ ಹೋಗಬಹುದು" ಅನ್ನಿಸುತ್ತದೆ. ಆದರೆ ಗೆಲುವು ಸೋಲು ಯಾವ ವಾರ ಯಾರು ಎದುರಿದ್ದರು ಅನ್ನುವುದರ ಮೇಲೆ ನಿಂತಿರುತ್ತದೆ. ಅದರಲ್ಲಿ ಅದೃಷ್ಟದ ಪಾಲು ದೊಡ್ಡದು. ತಂಡದ ನಿಜವಾದ ಬಲ ಕಾಣುವುದು ಒಟ್ಟು ಅಂಕದಲ್ಲಿ. ಅಲ್ಲಿ ನೀವು 12ರಲ್ಲಿ 9ನೆಯವರು. ಕಪ್ ಗೆಲ್ಲುವಷ್ಟು ಬಲವೂ ಇಲ್ಲ, ಒಳ್ಳೆ ಪಿಕ್ ಸಿಗುವಷ್ಟು ಕೆಳಗೂ ಇಲ್ಲ. ಡೈನಾಸ್ಟಿಯಲ್ಲಿ ಈ ತ್ರಿಶಂಕು ಸ್ಥಿತಿಗಿಂತ ಕೆಟ್ಟದ್ದು ಯಾವುದೂ ಇಲ್ಲ. ಕೊನೆಯ ಸ್ಥಾನವೇ ವಾಸಿ.

ರನ್ನಿಂಗ್ ಬ್ಯಾಕ್‌ಗಳ ವಿಷಯದಲ್ಲಿ ಕಾಲ ಬಹಳ ನಿರ್ದಯಿ. ರಿಸೀವರ್‌ಗಳು 29, 30ರವರೆಗೂ ಚೆನ್ನಾಗಿ ಆಡುತ್ತಾರೆ. ಕ್ವಾರ್ಟರ್‌ಬ್ಯಾಕ್‌ಗಳು 35ರ ಹತ್ತಿರ ಬಂದರೂ ನಡೆಯುತ್ತದೆ. ದಿನವೂ ಮೈಮೇಲೆ ಪೆಟ್ಟು ತಿನ್ನುವ ರನ್ನಿಂಗ್ ಬ್ಯಾಕ್‌ಗೆ 27 ಅಂದರೆ ಸಂಜೆ. ಟಾಡ್ ಗರ್ಲಿ 2017ರಲ್ಲಿ ಎನ್‌ಎಫ್‌ಎಲ್‌ನ ವರ್ಷದ ಆಕ್ರಮಣ ಆಟಗಾರ. 2018ರಲ್ಲಿ ರ‍್ಯಾಮ್ಸ್ ಅವರಿಗೆ ನಾಲ್ಕು ವರ್ಷದ ದೊಡ್ಡ ಒಪ್ಪಂದ ಕೊಟ್ಟಿತು. 2020ರ ಮಾರ್ಚ್‌ನಲ್ಲಿ ಅದೇ ತಂಡ ಕೈಬಿಟ್ಟಿತು. ಆಗ ಅವರಿಗೆ 25. ಅಟ್ಲಾಂಟದಲ್ಲಿ ಒಂದು ಸೀಸನ್ ಆಡಿದರು, ಅಲ್ಲಿಗೆ ಮುಗಿಯಿತು. 2018ರ ಬೇಸಿಗೆಯಲ್ಲಿ ಗರ್ಲಿಯನ್ನು ಮಾರಿದವರನ್ನು ಹುಚ್ಚರು ಅಂದಿರಬೇಕು.

ನೀವು ಡೆರಿಕ್ ಹೆನ್ರಿ ಹೆಸರು ಎತ್ತುತ್ತೀರಿ, ಗೊತ್ತು. 30ನೇ ವಯಸ್ಸಿನಲ್ಲಿ, 2024ರಲ್ಲಿ, ಬಾಲ್ಟಿಮೋರ್ ಪರ 1,921 ಯಾರ್ಡ್ ಓಡಿದರು. ಅವರನ್ನು 27ಕ್ಕೇ ಮಾರಿದವರು ಕೈಕೈ ಹಿಸುಕಿಕೊಂಡಿದ್ದಾರೆ. ನಿಮ್ಮವನೂ ಹಾಗೇ ಆಗಬಹುದು. ಆದರೂ ಮಾರಿ ಅಂತಲೇ ನನ್ನ ಮಾತು. ಅವನು ಮುಂದಿನ ವರ್ಷ 1,500 ಯಾರ್ಡ್ ಓಡಿದರೂ ಅದರಿಂದ ನಿಮಗೆ ಸಿಗುವುದು ಏನು? 9ನೇ ಸ್ಥಾನದಿಂದ 7ಕ್ಕೆ ಬರುತ್ತೀರಿ. ಅವನಿಗೆ ಮೊಣಕಾಲು ಕೈಕೊಟ್ಟರೆ ಮಾತ್ರ ಒಂದು ಸೆಕೆಂಡ್ ರೌಂಡ್ ಪಿಕ್ ಕೂಡ ಹುಟ್ಟುವುದಿಲ್ಲ.

ಯಾವಾಗ ಮಾರಬೇಕು ಅನ್ನುವುದು ಎಷ್ಟಕ್ಕೆ ಅನ್ನುವುದರಷ್ಟೇ ಮುಖ್ಯ. ಈ ಆಟದ ಮಾರುಕಟ್ಟೆಗೂ ಋತುಗಳಿವೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಎಲ್ಲರ ಕಣ್ಣು ಈ ವಾರದ ಅಂಕದ ಮೇಲೆ. ಆಗ ವಯಸ್ಸಾದ, ಆದರೆ ಆಡುತ್ತಿರುವ ಆಟಗಾರನಿಗೆ ಬೆಲೆ. ಪಿಕ್ ಅಗ್ಗ. ಜನವರಿ ಬಂದರೆ ತಿರುಗುತ್ತದೆ. ಅದೇ ರನ್ನಿಂಗ್ ಬ್ಯಾಕ್ ಒಂದೂ ಪಂದ್ಯ ಆಡದೆಯೇ "ಇನ್ನೇನು 28" ಆಗಿಬಿಡುತ್ತಾನೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಲೇಜಿನ ಹುಡುಗರ ವಿಡಿಯೊ ನೋಡಿ ನೋಡಿ ಎಲ್ಲರಿಗೂ ಪಿಕ್‌ಗಳ ಹುಚ್ಚು ಹಿಡಿಯುತ್ತದೆ. ರೂಕಿ ಡ್ರಾಫ್ಟ್ ನಡೆಯುವಾಗ, ಅದೂ ತಮಗೆ ಬೇಕಾದ ಹುಡುಗ ಇನ್ನೂ ಉಳಿದಿರುವಾಗ, ಆ ಹುಚ್ಚು ನೆತ್ತಿಗೇರುತ್ತದೆ. ಆದ್ದರಿಂದ ಪಿಕ್ ಈಗ ಕೊಳ್ಳಿ. ಮಾರುವುದಿದ್ದರೆ ಆಗ ಮಾರಿ.

ಯಾರಿಗೆ ಮಾರಬೇಕು? ಒಟ್ಟು ಅಂಕದಲ್ಲಿ ಮೊದಲ ಮೂರು ಸ್ಥಾನದಲ್ಲಿರುವವರ ತಂಡಗಳನ್ನು ತೆರೆದು ನೋಡಿ. ಅವರಲ್ಲಿ ಯಾರ ರನ್ನಿಂಗ್ ಬ್ಯಾಕ್‌ಗೆ ಗಾಯವಾಗಿದೆ, ಯಾರಿಗೆ ಮುಂದಿನ ವಾರ ಬೈ ಇದೆ? ಅವರೇ ನಿಮ್ಮ ಗಿರಾಕಿ. ಅವರಿಂದ ಏನು ಕೇಳಬೇಕು ಅನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. ಹೆಚ್ಚಿನವರು ಮುಂದಿನ ವರ್ಷದ ಫಸ್ಟ್ ಕೇಳುತ್ತಾರೆ. ಆದರೆ ನಿಮ್ಮವನು ಹೋದ ಮೇಲೆ ಅವರ ತಂಡ ಇನ್ನೂ ಬಲವಾಗುತ್ತದೆ. ಆ ಫಸ್ಟ್ 11ನೇದೋ 12ನೇದೋ ಆಗುತ್ತದೆ. ನಾನಾಗಿದ್ದರೆ ಅದರ ಮುಂದಿನ ವರ್ಷದ ಫಸ್ಟ್ ಕೇಳುತ್ತೇನೆ. ವಯಸ್ಸಾದವರನ್ನೇ ಗುಡ್ಡೆ ಹಾಕಿಕೊಂಡು ಈ ವರ್ಷ ಗೆಲ್ಲಲು ಹೊರಟ ತಂಡ ಎರಡು ವರ್ಷದಲ್ಲಿ ಕುಸಿಯುವ ಸಾಧ್ಯತೆ ಜಾಸ್ತಿ. ಆಗ ಅವರ ಫಸ್ಟ್ ಮೂರನೆಯದೋ ನಾಲ್ಕನೆಯದೋ ಆಗಬಹುದು. ಮಜಾ ಅಂದರೆ ಇವತ್ತು ಅದನ್ನೇ ಜನ ಅಗ್ಗವಾಗಿ ಕೊಡುತ್ತಾರೆ. ಎರಡು ವರ್ಷದ ನಂತರದ್ದು ಯಾರಿಗೂ ಕಣ್ಣಿಗೆ ಕಾಣುವುದಿಲ್ಲ. ಎರಡೂ ಸಿಕ್ಕರಂತೂ ಕೂಡಲೇ ಕೈ ಕುಲುಕಿ. ಎರಡೂ ಸಿಗದಿದ್ದರೆ ಒಂದು ಫಸ್ಟ್, ಜೊತೆಗೆ ಅವರ ಬೆಂಚಿನಲ್ಲಿ ಕೂತಿರುವ ಎಳೆಯ ರಿಸೀವರ್.

ಪಿಕ್‌ಗೆ ಗಾಯವಾಗಲ್ಲ, ವಯಸ್ಸಾಗಲ್ಲ, ರೋಸ್ಟರ್‌ನಲ್ಲಿ ಜಾಗ ತಿನ್ನಲ್ಲ. ಹಾಗಂತ ಅದನ್ನು ಪೂಜೆ ಮಾಡಬೇಡಿ. 2020ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ 32ನೇ ಪಿಕ್‌ನಲ್ಲಿ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಅನ್ನುವ ರನ್ನಿಂಗ್ ಬ್ಯಾಕ್‌ನನ್ನು ತೆಗೆದುಕೊಂಡಿತು. ಅಷ್ಟೇ ಸಾಕಾಯಿತು. ಎಷ್ಟೋ ಡೈನಾಸ್ಟಿ ಲೀಗುಗಳಲ್ಲಿ ಅವರೇ ಮೊದಲ ಆಯ್ಕೆ. ಅದೇ ವರ್ಷ ವೈಕಿಂಗ್ಸ್ 22ನೇ ಪಿಕ್‌ನಲ್ಲಿ ಆರಿಸಿದ ರಿಸೀವರ್ ಜಸ್ಟಿನ್ ಜೆಫರ್‌ಸನ್ ಆ ಲೀಗುಗಳಲ್ಲಿ ಅವರಿಗಿಂತ ಎಷ್ಟೋ ಕೆಳಗೆ ಹೋದರು. ಮೊದಲ ಸೀಸನ್‌ನಲ್ಲೇ ಜೆಫರ್‌ಸನ್ 1,400 ಯಾರ್ಡ್ ಹಿಡಿದರು. ಎಡ್ವರ್ಡ್ಸ್-ಹೆಲೇರ್ ಓಡಿದ್ದು 803. ಆಮೇಲೆ ಆ ಅಂತರ ಇನ್ನೂ ಹಿಗ್ಗಿತು. ಇನ್ನೊಂದು ಕಡೆ ರಿಸೀವರ್ ಪೂಕಾ ನಕುವಾ. 2023ರ ಡ್ರಾಫ್ಟ್‌ನಲ್ಲಿ 177ನೇ ಆಯ್ಕೆ. ಮೊದಲ ವರ್ಷವೇ 105 ಕ್ಯಾಚ್, 1,486 ಯಾರ್ಡ್. ಆದ್ದರಿಂದ ನಾಲ್ಕು ಫಸ್ಟ್ ಕೂಡಿಸಿದರೆ ನಾಲ್ಕನ್ನೂ ಡ್ರಾಫ್ಟ್‌ಗೇ ಒಯ್ಯಬೇಡಿ. ಎರಡನ್ನು ಏಪ್ರಿಲ್‌ನ ಹುಚ್ಚಿನಲ್ಲಿ ಕೊಟ್ಟು, ಆಗಲೇ ಆಡಿ ತೋರಿಸಿದ 23, 24 ವರ್ಷದವನನ್ನು ತನ್ನಿ. ರೀಬಿಲ್ಡ್ (ತಂಡವನ್ನು ಹೊಸದಾಗಿ ಕಟ್ಟುವುದು) ಹೆಸರಿನಲ್ಲಿ ವರ್ಷಗಟ್ಟಲೆ ಬರೀ ಪಿಕ್ ಪೇರಿಸಿಡುವವರಿದ್ದಾರೆ. ಅವರು ಯಾವತ್ತೂ ಗೆಲ್ಲುವುದಿಲ್ಲ.

ಇನ್ನು ಎರಡನೇ ವರ್ಷದ ಹುಡುಗ. ರಿಸೀವರ್ ಡವಾಂಟೆ ಆಡಮ್ಸ್ 2015ರಲ್ಲಿ, ಅವರ ಎರಡನೇ ಸೀಸನ್‌ನಲ್ಲಿ, 483 ಯಾರ್ಡ್, ಒಂದೇ ಒಂದು ಟಚ್‌ಡೌನ್. ಮರುವರ್ಷ 997 ಯಾರ್ಡ್, 12 ಟಚ್‌ಡೌನ್. ಆ ನಡುವಿನ ಬೇಸಿಗೆಯಲ್ಲಿ ಅವರನ್ನು ಪುಡಿಗಾಸಿಗೆ ಬಿಟ್ಟವರು ಬಹಳ ಜನ. ಮೇಲೆ ಹೇಳಿದ ಚೇಸ್ ಕೂಡ 2021ರ ಆಗಸ್ಟ್‌ನಲ್ಲಿ ಪ್ರೀಸೀಸನ್ ಪಂದ್ಯಗಳಲ್ಲಿ ಚೆಂಡು ಕೈಚೆಲ್ಲಿದ್ದೇ ಕೈಚೆಲ್ಲಿದ್ದು. ಆ ಎರಡು ಮೂರು ವಾರ ಅವರನ್ನು ಕೊಳ್ಳಲು ಒಳ್ಳೆ ಸಮಯವಾಗಿತ್ತು. ಸೀಸನ್ ಮುಗಿಯುವಾಗ 1,455 ಯಾರ್ಡ್.

ಎಲ್ಲ ಹುಡುಗರೂ ಆಡಮ್ಸ್ ಆಗುವುದಿಲ್ಲ, ನಿಜ. ನಿಮ್ಮವನದು ಎರಡು ವಿಷಯ ನೋಡಿ. ಮೈದಾನದಲ್ಲಿ ಎಷ್ಟು ಹೊತ್ತು ಇರುತ್ತಾನೆ? ಅವನ ಕಡೆ ಎಷ್ಟು ಸಲ ಚೆಂಡು ಎಸೆಯುತ್ತಾರೆ? ಪಂದ್ಯವೆಲ್ಲ ಆಡುತ್ತಾನೆ, ಚೆಂಡೂ ಬರುತ್ತದೆ, ಕ್ವಾರ್ಟರ್‌ಬ್ಯಾಕ್ ಸರಿಯಿಲ್ಲ ಅನ್ನುವುದಾದರೆ ಕಾಯಿರಿ. ಕ್ವಾರ್ಟರ್‌ಬ್ಯಾಕ್ ಬದಲಾಗುತ್ತಾನೆ. ನಿಮ್ಮ ಹುಡುಗನ ಜಾಗದಲ್ಲಿ ನಾಲ್ಕನೇ ಸುತ್ತಿನಲ್ಲಿ ಬಂದ ಇನ್ಯಾರನ್ನೋ ಆಡಿಸುತ್ತಿದ್ದರೆ ಅದು ಬೇರೆ ಮಾತು. ಆ ತಂಡದ ಕೋಚ್‌ಗೆ ನಿಮಗಿಂತ ಜಾಸ್ತಿ ಗೊತ್ತು. ಆಗ ಯಾರಾದರೂ ಸೆಕೆಂಡ್ ಕೊಟ್ಟರೆ ತಗೊಳ್ಳಿ.

ಚೌಕಾಸಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ್ಯಪ್ ತೆರೆದು ಮುಖ ಮೂತಿ ನೋಡದೆ ಆಫರ್ ಮೇಲೆ ಆಫರ್ ಕಳಿಸಬೇಡಿ. ಮೊದಲು ಒಂದು ಮೆಸೇಜ್ ಹಾಕಿ. "ನಿಮ್ಮ ರನ್ನಿಂಗ್ ಬ್ಯಾಕ್‌ಗೆ ಗಾಯ ಆಯ್ತಲ್ಲ, ಹೇಗೆ ನಿಭಾಯಿಸ್ತೀರಿ?" ಅಂತ ಕೇಳಿದರೆ ಸಾಕು. ಬೇಕಾಗಿದ್ದವರು ತಾವೇ ಬಾಯಿ ಬಿಡುತ್ತಾರೆ. ತೀರಾ ಕಡಿಮೆ ಬೆಲೆಯಿಂದಲೂ ಶುರು ಮಾಡಬೇಡಿ. ಮಾರುಕಟ್ಟೆಯಲ್ಲಿ ತರಕಾರಿಯವಳ ಹತ್ತಿರ ಅದು ನಡೆಯುತ್ತದೆ, ಮರುದಿನ ಇನ್ನೊಂದು ಅಂಗಡಿಗೆ ಹೋಗಬಹುದು. ಇಲ್ಲಿ ಮುಂದಿನ ಹತ್ತು ವರ್ಷವೂ ಅದೇ ಹನ್ನೊಂದು ಜನ, ಅದೂ ನಿಮ್ಮ ಆಫೀಸಿನವರು. ಒಮ್ಮೆ ಟೋಪಿ ಹಾಕಿದರೆ ಆಮೇಲೆ ನಿಮ್ಮ ಹೆಸರು ಕಂಡರೆ ಓದದೇ ರಿಜೆಕ್ಟ್ ಒತ್ತುತ್ತಾರೆ.

ಮಾರುವ ಮೊದಲು ಲೀಗಿನ ನಿಯಮ ಎರಡು ನೋಡಿಕೊಳ್ಳಿ. ಮೊದಲನೆಯದು, ಮುಂದಿನ ವರ್ಷದ ಡ್ರಾಫ್ಟ್ ಸರದಿ ಯಾವುದರ ಮೇಲೆ ನಿರ್ಧಾರವಾಗುತ್ತದೆ? ಎಷ್ಟೋ ಲೀಗುಗಳಲ್ಲಿ ಸೋಲಿನ ಮೇಲಲ್ಲ, ಮ್ಯಾಕ್ಸ್ ಪಿಎಫ್ ಮೇಲೆ. ಅಂದರೆ ನಿಮ್ಮ ರೋಸ್ಟರ್‌ನಲ್ಲಿ ಇರುವವರಿಂದ ಗರಿಷ್ಠ ಎಷ್ಟು ಅಂಕ ಬರಬಹುದಿತ್ತು ಅನ್ನುವುದು. ಬೇಕೆಂದೇ ಸೋಲಲು ಒಳ್ಳೆಯವನನ್ನು ಬೆಂಚಿನಲ್ಲಿ ಕೂರಿಸುವ ಆಟ ಇಲ್ಲಿ ನಡೆಯದು. ಕೂರಿಸಿದರೂ ಅವನ ಅಂಕ ಎಣಿಕೆಗೆ ಬರುತ್ತದೆ. ಆದರೆ ಮಾರಿದರೆ ಬರುವುದಿಲ್ಲ. ನಿಮ್ಮ ಲೀಗ್ ಹಾಗಿದ್ದರೆ ಆ ರನ್ನಿಂಗ್ ಬ್ಯಾಕ್ ಹೋದ ದಿನದಿಂದಲೇ ನಿಮ್ಮ ಸ್ವಂತ ಫಸ್ಟ್ ಮೇಲೇರಲು ಶುರುವಾಗುತ್ತದೆ. ಇವತ್ತು ಮಾರಿದ್ದಕ್ಕೂ ನಾಲ್ಕು ವಾರ ಬಿಟ್ಟು ಮಾರಿದ್ದಕ್ಕೂ ಅಲ್ಲೇ ವ್ಯತ್ಯಾಸ. ಆ ಫಸ್ಟ್ ಅನ್ನು ಮಾತ್ರ ಯಾರಿಗೂ ಕೊಡಬೇಡಿ.

ಎರಡನೆಯದು ದುಡ್ಡಿನದು. ಮುಂದಿನ ವರ್ಷಗಳ ಪಿಕ್ ಮಾರುವವರು ಆ ವರ್ಷದ ಲೀಗ್ ಶುಲ್ಕವನ್ನು ಮುಂಗಡ ಕಟ್ಟಬೇಕು ಅಂತ ಬಹಳಷ್ಟು ಲೀಗುಗಳಲ್ಲಿ ನಿಯಮ ಇರುತ್ತದೆ. ಫಸ್ಟ್‌ಗಳನ್ನೆಲ್ಲ ಮಾರಿ ತಂಡ ಬಿಟ್ಟು ಓಡಿಹೋಗಬಾರದು ಅಂತ. ನಿಮ್ಮ ತಂಡದ ಹಿಂದಿನ ಯಜಮಾನರು ಹಾಗೇ ಮಾಡಿ ಹೋಗಿದ್ದಾರೋ ಏನೋ. ನೀವು ಎರಡು ವರ್ಷದ ನಂತರದ ಫಸ್ಟ್ ಕೇಳಿದಾಗ ಎದುರಿನವರು ಹಿಂದೆಮುಂದೆ ನೋಡಿದರೆ ಕಾರಣ ಆ ಮುಂಗಡವೇ ಇರಬಹುದು. ಹಾಗಿದ್ದರೆ ಪಿಕ್‌ನ ಬೆಲೆ ಇಳಿಸಲು ಹೋಗಬೇಡಿ. ಕಟ್ಟಲು ಸ್ವಲ್ಪ ದಿನ ಕೊಡಬಹುದೇ ಅಂತ ಲೀಗ್ ನಡೆಸುವ ಕಮಿಷನರ್ ಹತ್ತಿರ ಮಾತಾಡಿ.